ತಿರುಗಿಸಿಟ್ಟ ಕೊಡೆ

ಕೊಡೆ ಕಾರ್ಖಾನೆಯ ಮೂರನೇ ಮೇಜಿನ ಚೆಕ್ಕರ್‌ಗೆ ಎಲ್ಲರೂ ದುರ್ಬೀನು ಎನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಸೂಜಿ ಚುಚ್ಚಿದಷ್ಟು ತೂತಿದ್ದರೂ ಈ ಪುಣ್ಯಾತ್ಮ ಹಿಡಿದುಬಿಡುತ್ತಾನೆ ಎಂದು ಹಳೆಯ ಕೆಲಸಗಾರರು ಯಾವ ಕಾಲದಲ್ಲೋ ಅಂಟಿಸಿದ ಅಡ್ಡಹೆಸರು ಅದು. ಅಂಟಿಸಿದವರು ನಿವೃತ್ತರಾಗಿ ಹೋದರು, ಹೆಸರು ಮಾತ್ರ ಉಳಿದುಕೊಂಡಿತು. ಅವನು ಅದನ್ನು ಮನೆಯಿಂದ ಹೊರಡುವಾಗ ಹೆಗಲಿಗೆ ಹಾಕಿಕೊಳ್ಳುವ ಟವೆಲಿನ ಹಾಗೆ ಜೋಪಾನ ಮಾಡಿದ್ದ.

ಈಗ ಈ ಕತೆಯನ್ನು ಅವನೇ ಹೇಳುತ್ತಾನೆ, ಕೇಳುವವರು ಸಿಕ್ಕರೆ ಎರಡೆರಡು ಸಲ ಹೇಳುತ್ತಾನೆ. ‘ಕತ್ತೆ ಅಂತ ನನ್ನನ್ನು ಕರೆಯಬೇಡಿ, ಕತ್ತೆಗೆ ಬೇಜಾರಾದೀತು’ ಎಂದೇ ಶುರು ಮಾಡುವುದು. ಅವನ ತಲೆ ಕೆಟ್ಟದ್ದು ತರಬೇತಿಯಿಂದ. ಅಲ್ಲಿಗೆ ಹೋಗದಿದ್ದರೆ ಅವನ ಪಾಡಿಗೆ ಅವನು ಕೊಡೆ ಬಿಚ್ಚಿಕೊಂಡು, ಮಡಚಿಕೊಂಡು ಇರುತ್ತಿದ್ದ.

ಕಾರ್ಖಾನೆಯ ಮ್ಯಾನೇಜರ್ ಚಿಕ್ಕ ವಯಸ್ಸಿನ ಹೆಂಗಸು. ಮಾತು ಕಡಿಮೆ, ನಡಿಗೆ ಜೋರು. ಕೆಲಸದ ಜಾಗದಲ್ಲಿ ಮನುಷ್ಯರು, ಗುಂಪುಗಳು ಹೇಗೆ ವರ್ತಿಸುತ್ತವೆ ಎಂಬುದರ ತರಬೇತಿಗೆ ಪ್ರತಿ ಮೇಜಿನಿಂದ ಒಬ್ಬೊಬ್ಬರನ್ನು ಕಳಿಸಿದಳು. ಮೂರನೇ ಮೇಜಿನಿಂದ ಹಿರಿಯನೆಂದು ದುರ್ಬೀನು ಹೋದ. ಅಲ್ಲಿ ಟೈ ಕಟ್ಟಿದ ಮೇಷ್ಟ್ರೊಬ್ಬರು ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು ಪಾಠ ಮಾಡಿದರು. ಪ್ರತಿ ಗುಂಪಿನಲ್ಲೂ ಒಬ್ಬ ಮುಂದಕ್ಕೆ ತಳ್ಳುವವನು, ಒಬ್ಬ ನಗಿಸುವವನು, ಒಬ್ಬ ಹಿಂದಕ್ಕೆ ಎಳೆಯುವವನು ಇರುತ್ತಾರಂತೆ. ಎಳೆಯುವವನನ್ನು ಗುಂಪು ಮೇಲಿನವರ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟುಕೊಳ್ಳುತ್ತದಂತೆ. “ಪ್ರತಿ ವರ್ತನೆಯ ಹಿಂದೆಯೂ ಒಂದು ಕಾರಣ ಇರುತ್ತದೆ, ಅದನ್ನು ಹುಡುಕಿ!” ಎಂದು ಮೇಷ್ಟ್ರು ಮೇಜು ಗುದ್ದಿದರು. ಗೋಡೆಯ ಮೇಲಿನ ಅಕ್ಷರಗಳು ದುರ್ಬೀನಿಗೆ ಮಂಜು ಮಂಜಾಗಿದ್ದವು. ಚಿತ್ರ ಬಿಡುವ ಯಂತ್ರ ಹಳತು, ಪಾಪ, ಎಂದುಕೊಂಡ. ಕಿವಿ ಚೆನ್ನಾಗಿತ್ತಲ್ಲ, ಒಂದು ಮಾತನ್ನೂ ಬಿಡದೆ ನುಂಗಿಕೊಂಡ.

ಕೊನೆಯಲ್ಲಿ ಮೇಷ್ಟ್ರು “ನಿಮ್ಮ ಅನುಭವದಿಂದ ಯಾರಾದರೂ ಏನಾದರೂ ಹೇಳಿ” ಎಂದರು. ಎಲ್ಲರೂ ಕತ್ತು ತಗ್ಗಿಸಿದರು. ದುರ್ಬೀನು ಎದ್ದು ನಿಂತ.

“ಸಾರ್, ನಮ್ಮ ಮೇಜಿನಲ್ಲಿ ಛತ್ರಿ ನನ್ನ ಹತ್ತಿರ ಬರುವಾಗ ಹಿಡಿ ನನ್ನ ಕಡೆ ಇರಬೇಕು, ಅದು ರೂಢಿ. ಒಂದೊಂದು ಮಾತ್ರ ಉಲ್ಟಾ ಬರುತ್ತೆ, ಮೊನೆ ಈ ಕಡೆ. ನಾನು ನೋಡಿ ನೋಡಿ ಕಂಡುಹಿಡಿದಿದ್ದೀನಿ ಸಾರ್, ಉಲ್ಟಾ ಬಂದ ಛತ್ರೀಲೇ ತೂತು ಇರೋದು! ಯಾಕೆ? ಉಲ್ಟಾ ಇಡೋನ ಮನಸ್ಸು ಕೆಲಸದ ಮೇಲಿಲ್ಲ. ಮನಸ್ಸಿಲ್ಲದ ಕೈ ಛತ್ರೀನೂ ತಿರುಗಿಸಿ ಇಡುತ್ತೆ, ತೂತನ್ನೂ ಬಿಡುತ್ತೆ. ಬಿಚ್ಚೋದೇ ಬೇಡ, ಮಲಗಿಸಿದ್ದು ನೋಡಿದ್ರೆ ಸಾಕು ನಂಗೆ.”

ಮೇಷ್ಟ್ರಿಗೆ ಏನು ಖುಷಿಯಾಯಿತೋ, ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದರು. “ನೋಡಿ, ಪುಸ್ತಕ ಓದದೆ ವಿಜ್ಞಾನ ಕಂಡುಕೊಂಡವರು!” ಎಂದರು. ಇಡೀ ಕೋಣೆ ಚಪ್ಪಾಳೆ ತಟ್ಟಿತು. ದುರ್ಬೀನು ಮನೆಗೆ ಬಂದದ್ದು ಬಸ್ಸಿನಲ್ಲಾದರೂ ಅವನ ಕಾಲು ನೆಲಕ್ಕೆ ಮುಟ್ಟಿರಲಿಲ್ಲ.

ಮನೆಯಲ್ಲಿ ಇದ್ದವಳು ಹೆಂಡತಿ ಒಬ್ಬಳೇ. ಆದ್ದರಿಂದ ಗುಂಪಿನ ಪಾಠವೆಲ್ಲ ಅವಳೊಬ್ಬಳ ತಲೆಗೆ ಬಿತ್ತು. “ನೀನು ತಳ್ಳೋ ವರ್ಗ ಕಣೇ” ಎಂದ. “ಹೌದು, ಮೊದಲು ಆ ತಟ್ಟೆ ಈ ಕಡೆ ತಳ್ಳಿ” ಎಂದಳು. ಅವಳಿಗೊಂದು ವಿಚಿತ್ರ ಅಭ್ಯಾಸ ಹತ್ತಿಕೊಂಡಿತ್ತು. ಅವನ ಚಹಾ ಲೋಟವನ್ನು ಯಾವಾಗಲೂ ಮೇಜಿನ ಅದೇ ಮೂಲೆಯಲ್ಲಿ, ಬಿಳಿ ಬಟ್ಟೆಯ ತುಂಡಿನ ಮೇಲೆ ಇಡುವುದು. ಕುರ್ಚಿಗಳನ್ನು ಜರುಗಿಸಲು ಯಾರಿಗೂ ಬಿಡದೆ ಇರುವುದು. ಹೊರಗಿನ ಮೆಟ್ಟಿಲುಗಳ ಅಂಚಿಗೆ ಒಂದು ಮಧ್ಯಾಹ್ನ ಕೂತು ಬಿಳಿ ಬಣ್ಣ ಬಳಿದಿದ್ದಳು. ಯಾಕೆ ಎಂದರೆ “ಬಣ್ಣ ಮಿಕ್ಕಿತ್ತು” ಎಂದಿದ್ದಳು. ಆಗ ಸುಮ್ಮನಿದ್ದವನು ತರಬೇತಿಯಾದ ಮೇಲೆ ಅದಕ್ಕೂ ವಿವರಣೆ ಕೊಟ್ಟ: “ಮಿಕ್ಕಿದ್ದನ್ನ ಚೆಲ್ಲೋಕೆ ಮನಸ್ಸಾಗದೆ ಎಲ್ಲಾದ್ರೂ ಬಳಿಯೋದು, ಇದೊಂದು ವರ್ತನೆ. ಜಿಪುಣತನದಿಂದ ಬರೋದು.” ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡುತ್ತ ತೊಳೆದಳು.

ಒಂದು ದಿನ ಮ್ಯಾನೇಜರ್ ಅವನನ್ನು ಕೋಣೆಗೆ ಕರೆದಳು.

“ಮಿಕ್ಕ ಮೇಜುಗಳು ಓಡ್ತಿವೆ, ನಿಮ್ಮದು ತೆವಳ್ತಿದೆ. ಯಾರು ಎಳೀತಿದ್ದಾರೆ?”

“ನೋಡಬೇಕು ಮೇಡಂ.”

“ನೋಡಿ. ತರಬೇತಿ ಆಗಿದೆಯಲ್ಲ. ಈ ವಾರ ಮುಗಿಯೋದರೊಳಗೆ ನನಗೆ ಒಂದು ಹೆಸರು ಬೇಕು. ಅವರನ್ನ ಗೋದಾಮಿಗೆ ಹಾಕ್ತೀನಿ.”

ಗೋದಾಮು ಎಂದರೆ ಕಾರ್ಖಾನೆಯ ನೆಲಮಾಳಿಗೆ. ಕಿಟಕಿ ಇಲ್ಲ. ಬಟ್ಟೆಯ ದೊಡ್ಡ ದೊಡ್ಡ ಸುರುಳಿಗಳನ್ನು ಅಲ್ಲಿ ಇಳಿಸಿ, ಬಿಡಿಸಿ, ಮತ್ತೆ ಸುತ್ತುತ್ತಾರೆ. ಬಟ್ಟೆಯ ಧೂಳು ಬೆಳಕಿನ ಕೆಳಗೆ ಹಾರಾಡುತ್ತಲೇ ಇರುತ್ತದೆ. ಅಲ್ಲಿಗೆ ಹೋದವರು ಕೆಮ್ಮುತ್ತ ಮೇಲೆ ಬರುತ್ತಿದ್ದರು. ದುರ್ಬೀನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ “ಆಯ್ತು ಮೇಡಂ, ಹಿಡಿದುಕೊಡ್ತೀನಿ” ಎಂದು ಎದೆಯುಬ್ಬಿಸಿಕೊಂಡು ಬಂದ. ಅವಳು ಕೇಳಿದ್ದು ತನ್ನ ವಿದ್ಯೆಯನ್ನಲ್ಲವೇ!

ಮೂರನೇ ಮೇಜಿನಲ್ಲಿ ಇದ್ದವರು ನಾಲ್ಕೇ ಜನ. ಮೊದಲು ಹೊಲಿಗೆ ಯಂತ್ರದ ಹಿಂದೆ ದೊಡ್ಡಕ್ಕ. ಬಟ್ಟೆಯ ಎಸಳುಗಳನ್ನು ಸೇರಿಸಿ ಹೊಲಿಯುವವಳು. ವಯಸ್ಸಿನಲ್ಲಿ ದುರ್ಬೀನಿಗಿಂತ ಚಿಕ್ಕವಳೇ. ಆದರೆ ಅವಳ ಗಂಟಲಿಗೆ ದೊಡ್ಡಕ್ಕನ ಅಧಿಕಾರವಿತ್ತು, ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವಳ ಪಕ್ಕ ಪಟಾಕಿ. ಬಟ್ಟೆಯನ್ನು ಕಡ್ಡಿಗಳಿಗೆ ದಾರದಿಂದ ಕಟ್ಟುವ ಹುಡುಗಿ, ಬೆರಳಿಗಿಂತ ಬಾಯಿ ಚುರುಕು. ಅವಳಾದ ಮೇಲೆ ಹಿಡಿ ಕೂರಿಸುವವನು, ದುರ್ಬೀನಿನ ಹೆಂಡತಿಯ ತಮ್ಮ. ಭಾವನೇ ಅವರಿವರ ಕೈಕಾಲು ಹಿಡಿದು ಕೆಲಸ ಕೊಡಿಸಿದ್ದು. ಒಳ್ಳೆಯ ಕೈ, ಕೆಟ್ಟ ಎದೆ. ಚಿಕ್ಕಂದಿನಿಂದ ಉಬ್ಬಸ. ಬಾಯಿಗೆ ಒತ್ತಿಕೊಳ್ಳುವ ಪಂಪು ಅಂಗಿಯ ಜೇಬಿನಲ್ಲಿ ಸದಾ ಇರುತ್ತಿತ್ತು. ಕೊನೆಗೆ ಟ್ಯೂಬ್‌ಲೈಟಿನ ಕೆಳಗೆ ಎತ್ತರದ ಸ್ಟೂಲಿನ ಮೇಲೆ ದುರ್ಬೀನು. ಬಂದ ಕೊಡೆಯನ್ನು ಬಿಚ್ಚಿ, ತಲೆಯ ಮೇಲೆ ಎತ್ತಿ, ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿ, ಸರಿಯಿದ್ದರೆ ಹಿಡಿಗೆ ‘ಪಾಸ್’ ಎಂಬ ದುಂಡು ಚೀಟಿ ಅಂಟಿಸುವುದು ಅವನ ಕೆಲಸ.

ಉಲ್ಟಾ ಬಂದ ಕೊಡೆಯನ್ನು ಅವನು ಸುಲಭಕ್ಕೆ ಬಿಡುತ್ತಿರಲಿಲ್ಲ. ಮೂಗಿಗೆ ತಾಗಿಸಿಕೊಂಡು, ಬಟ್ಟೆಯ ಮೇಲೆಲ್ಲ ಬೆರಳಾಡಿಸಿ, ತೂತು ಸಿಗುವವರೆಗೆ ಹುಡುಕುತ್ತಿದ್ದ. ಸಿಕ್ಕೇ ಸಿಗುತ್ತಿತ್ತು. “ಸಿಕ್ತು!” ಎಂದು ಕೂಗುತ್ತಿದ್ದ. ಆಗ ಇಡೀ ಮೇಜು ತಲೆಯೆತ್ತಿ, “ಏನು ಕಣ್ಣು ಸಾರ್ ನಿಮ್ದು!” ಎನ್ನುತ್ತಿತ್ತು. ಪ್ರತಿ ಸಲವೂ ಎನ್ನುತ್ತಿತ್ತು. ಅವನಿಗೆ ಅನುಮಾನ ಬರಬೇಕಾಗಿತ್ತು. ಹೊಗಳಿಕೆಯ ಮೇಲೆ ಅನುಮಾನ ಪಡುವಷ್ಟು ದೊಡ್ಡ ಮನುಷ್ಯ ಅವನಲ್ಲ.

ಮಾರನೆಯ ದಿನದಿಂದ ದುರ್ಬೀನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ. ಎಣ್ಣೆ ಬಿಟ್ಟರೂ ಮೇಜಿನ ಆ ತುದಿ ಅವನಿಗೆ ಮಬ್ಬಾಗಿಯೇ ಇತ್ತು. ಟ್ಯೂಬ್‌ಲೈಟು ಬದಲಾಯಿಸಿ ಅಂತ ಎಷ್ಟು ಸಲ ಹೇಳಿದರೂ ಈ ಕಾರ್ಖಾನೆಯಲ್ಲಿ ಕೇಳುವವರಿಲ್ಲ ಎಂದು ಗೊಣಗಿದ. ಬದಲಾಯಿಸಿದ್ದರು, ಎರಡು ಸಲ. ಆದರೂ ವರ್ತನೆ ಎಂದರೆ ಆಕಾರ, ಸದ್ದು, ಚಲನೆ ತಾನೇ, ಅಷ್ಟು ಸಾಕಾಗಿತ್ತು. ತನ್ನ ಮುಂದೆ ಕೊಡೆಗಳ ರಾಶಿ ಸ್ವಲ್ಪ ಬೆಳೆಯುತ್ತಲೂ ದೊಡ್ಡಕ್ಕನ ದಾರ ಹರಿಯುತ್ತಿತ್ತು. “ಥೂ, ಮತ್ತೆ ಹೋಯ್ತು!” ಎಂದು ಅವಳು ಯಂತ್ರ ನಿಲ್ಲಿಸುತ್ತಿದ್ದಳು. ಹೊಸ ದಾರ ಪೋಣಿಸುವಷ್ಟರಲ್ಲಿ ಪಟಾಕಿಗೆ ಬಾಯಾರಿಕೆಯಾಗುತ್ತಿತ್ತು. ಅವಳು ನೀರು ಕುಡಿದು ಬರುವಷ್ಟರಲ್ಲಿ ಅವನ ರಾಶಿ ಕರಗುತ್ತಿತ್ತು. ಕರಗಿದ ಕೂಡಲೇ ದಾರ ಸರಿಹೋಗುತ್ತಿತ್ತು, ಬಾಯಾರಿಕೆ ತೀರುತ್ತಿತ್ತು. ‘ಆಹಾ! ಗುಂಪು ಯಾರನ್ನೋ ಮುಚ್ಚಿಡ್ತಿದೆ!’ ಎಂದು ದುರ್ಬೀನು ಒಳಗೊಳಗೇ ತೊಡೆ ತಟ್ಟಿಕೊಂಡ.

ಯಾರನ್ನು? ಅದಕ್ಕೂ ಉತ್ತರ ಸಿಕ್ಕಿತು. ಭಾವಮೈದುನ ಹಿಡಿ ಕೂರಿಸಿದ ಮೇಲೆ ಸುಮ್ಮನೆ ದಾಟಿಸುತ್ತಿರಲಿಲ್ಲ. ಕೊಡೆಯನ್ನು ಬಿಚ್ಚುತ್ತಿದ್ದ. ಕತ್ತೆತ್ತಿ ಒಳಗೆಲ್ಲ ನೋಡುತ್ತಿದ್ದ. ಒಂದು ಸುತ್ತು ತಿರುಗಿಸುತ್ತಿದ್ದ. ಆಮೇಲೆ ಮಡಚಿ ಇಡುತ್ತಿದ್ದ. ಪ್ರತಿಯೊಂದಕ್ಕೂ ಇದೇ ಆಟ! ಅಷ್ಟೇ ಅಲ್ಲ, ಉಲ್ಟಾ ಕೊಡೆ ಬರುತ್ತಿದ್ದದ್ದೂ ಅವನ ಕೈಯಿಂದಲೇ. ದುರ್ಬೀನಿನ ಸ್ವಂತ ನಿಯಮದ ಪ್ರಕಾರವೇ ಮನಸ್ಸಿಲ್ಲದ ಕೈ ಅವನದು. ಛತ್ರಿ ಕೆಳಗೆ ಕೂತು ಕನಸು ಕಾಣ್ತಾನಲ್ಲ ಈ ಮಹಾರಾಯ, ಎಂದು ದುರ್ಬೀನಿಗೆ ರೇಗಿತು. ರೇಗಿದ ಹಿಂದೆಯೇ ಹಳೆಯದೊಂದು ನೆನಪಾಯಿತು. ಅವನ ಮದುವೆಯಲ್ಲಿ ಈ ಭಾವಮೈದುನ ಮೊಣಕಾಲೆತ್ತರದ ಪೋರ. ಇಡೀ ದಿನ ಅವನ ಬೆರಳು ಹಿಡಿದುಕೊಂಡೇ ಓಡಾಡಿದ್ದ.

ಹೆಂಡತಿಗೆ ಹೇಳದೆ ಇರಲಾಗಲಿಲ್ಲ. ಹೊಟ್ಟೆಯಲ್ಲಿ ಮಾತು ನಿಲ್ಲುವ ಪೈಕಿಯವನೇ ಅಲ್ಲ.

“ಮೇಜನ್ನ ಎಳೀತಿರೋದು ನಿನ್ನ ತಮ್ಮ ಕಣೇ.”

ಅವಳು ಬಟ್ಟೆ ಮಡಚುತ್ತಿದ್ದಳು. ಕೈ ನಿಂತಿತು.

“ಅವನ ಹೆಸರು ಕೊಡ್ತೀರಾ?”

“ಶಾಸ್ತ್ರದ ಮುಂದೆ ಸಂಬಂಧ ನೋಡೋಕಾಗುತ್ತಾ?”

“ಯಾವ ಶಾಸ್ತ್ರರೀ? ಅವನನ್ನ ಆ ಧೂಳಿಗೆ ತಳ್ಳಿದ್ರೆ ಉಳೀತಾನೇನ್ರೀ ಅವನು? ರಾತ್ರಿ ಮಲಗಿದ್ರೆ ಎದೆ ಶಿಳ್ಳೆ ಹೊಡೆಯುತ್ತೆ ಅವನದು.” ಮಡಚಿದ ಬಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. “ಯಾಕಪ್ಪ ಛತ್ರಿ ಬಿಚ್ತೀಯ ಅಂತ ಅವನನ್ನೇ ಒಂದು ಮಾತು ಕೇಳಿ.”

“ಕೇಳಬಾರದು. ಕೇಳಿದ್ರೆ ವರ್ತನೆ ಬದಲಾಗಿಬಿಡುತ್ತೆ, ಮೇಷ್ಟ್ರು ಹೇಳಿದ್ದಾರೆ.”

“ನಿಮ್ಮ ಮೇಷ್ಟ್ರ ಬಾಯಿಗೆ ಬೀಗ ಹಾಕ! ನಿಮಗೆ ಕಾಣೋದೇ...” ಎಂದವಳು ನಾಲಿಗೆ ಕಚ್ಚಿಕೊಂಡಳು.

“ಏನು?”

“ಏನಿಲ್ಲ.”

ಏನೂ ಇಲ್ಲದೆ ಇರಲಿಲ್ಲ. ಹಿಂದೊಮ್ಮೆ ಅವಳು ‘ಕಣ್ಣು ತೋರಿಸಿಕೊಂಡು ಬರೋಣ’ ಎಂದದ್ದಕ್ಕೆ ಅವನು ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ದ. ‘ದುರ್ಬೀನಿಗೆ ಕಣ್ಣಿಲ್ಲ ಅಂತ ಜನ ನಗಲಿ ಅಂತ ಆಸೆಯೇನೇ ನಿಂಗೆ?’ ಎಂದು ಕೇಳಿದ್ದ. ಅಂದಿನಿಂದ ಅವಳು ಆ ಮಾತು ಎತ್ತಿರಲಿಲ್ಲ. ಈಗಲೂ ಬಟ್ಟೆಯ ಕಡೆ ತಿರುಗಿಕೊಂಡು ಕಣ್ಣೊರೆಸಿಕೊಂಡಳು. ಅದು ಅವನಿಗೆ ಕಂಡಿತು. ಕಣ್ಣೀರು ಕಾಣದಿದ್ದರೂ ಹೆಗಲು ಅಲುಗಿದ್ದು ಕಂಡಿತು.

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ಹೆಸರು ಕೊಡುವ ಮೊದಲು ಅಭ್ಯಾಸವನ್ನೇ ಬಿಡಿಸಿಬಿಟ್ಟರೆ? ಮೇಜು ಒಂದು ದಿನ ಸರಿಯಾಗಿ ಓಡಿತು ಎಂದರೆ ಮ್ಯಾನೇಜರ್‌ಗೆ ರಾಶಿ ತೋರಿಸಬಹುದು, ‘ಎಳೆಯುವವರು ಯಾರೂ ಇಲ್ಲ ಮೇಡಂ, ತಿದ್ದಿದೆ’ ಎನ್ನಬಹುದು. ಭಾವಮೈದುನನೂ ಉಳಿಯುತ್ತಾನೆ, ವಿದ್ಯೆಯೂ ಉಳಿಯುತ್ತದೆ, ಮನೆಯಲ್ಲಿ ಊಟವೂ ಸಿಗುತ್ತದೆ. ತನ್ನ ಬುದ್ಧಿಗೆ ತಾನೇ ಬೆರಗಾಗಿ ಒಂದು ಸ್ಟಾಪು ಮುಂದೆ ಹೋಗಿ ಇಳಿದ.

ಕೆಲಸ ಶುರುವಾಗುವ ಮೊದಲು ಸ್ಟೂಲಿನ ಪಕ್ಕ ನಿಂತು ಭಾಷಣ ಮಾಡಿದ.

“ಇವತ್ತು ಒಂದು ಪ್ರಯೋಗ. ದಾರ ಹರಿಯಬಾರದು. ನೀರು ಊಟದ ಹೊತ್ತಿಗೆ ಮಾತ್ರ. ನನಗಿಂತ ಮುಂಚೆ ಯಾರೂ ಛತ್ರಿ ಬಿಚ್ಚಬಾರದು. ಹಿಡಿ ಎಲ್ಲಾ ನನ್ನ ಕಡೆ. ಒಂದೇ ಒಂದು ಉಲ್ಟಾ ಬಂದ್ರೂ ಸುಮ್ಮನಿರಲ್ಲ.”

ಪಟಾಕಿ ಬಾಯಿ ತೆರೆದವಳು ಹಾಗೇ ಮುಚ್ಚಿದಳು, ಅದೇ ಒಂದು ಅಪಶಕುನ. ದೊಡ್ಡಕ್ಕ ಕನ್ನಡಕದ ಮೇಲಿಂದ ನೋಡಿದಳು.

“ಅಣ್ಣ, ಬೇಡ.”

“ಯಾಕೆ ಬೇಡ?”

“ನಡ್ಕೊಂಡು ಹೋಗ್ತಿದೆಯಲ್ಲ ಅಣ್ಣ. ಹೋಗ್ಲಿ ಬಿಡಿ.”

“ನಡ್ಕೊಂಡು ಹೋಗ್ತಿದೆ ದೊಡ್ಡಕ್ಕ, ಓಡ್ತಿಲ್ಲ. ಅದೇ ರೋಗ.”

ಭಾವಮೈದುನ ಪಂಪನ್ನು ಬಾಯಿಗೆ ಒತ್ತಿಕೊಂಡು ಒಂದು ಸಲ ಎಳೆದು ಜೇಬಿಗೆ ಹಾಕಿಕೊಂಡ. “ಭಾವ, ನಿಜವಾಗ್ಲೂ ಬಿಚ್ಚಬಾರದಾ?” ಎಂದ. “ಬಿಚ್ಚಿದ್ರೆ ನೋಡು ಮತ್ತೆ” ಎಂದ ದುರ್ಬೀನು.

ಅಬ್ಬಬ್ಬಾ, ಆ ದಿನ ಮೂರನೇ ಮೇಜು ಓಡಿದ ಓಟ! ದೊಡ್ಡಕ್ಕನ ಯಂತ್ರ ಒಂದೇ ಸಮನೆ ಗುರುಗುಟ್ಟಿತು. ಪಟಾಕಿಯ ಬೆರಳು ಹಾರಿದವು. ಭಾವಮೈದುನನ ಕೈಯಿಂದ ಕೊಡೆಗಳು ಹಿಡಿ ಮುಂದೆ ಮಾಡಿಕೊಂಡು ಸಾಲಾಗಿ ಬಂದವು. ದುರ್ಬೀನು ಬಿಚ್ಚಿದ, ಎತ್ತಿದ, ತಿರುಗಿಸಿದ, ಚೀಟಿ ಅಂಟಿಸಿದ. ಉಲ್ಟಾ ಒಂದೂ ಇಲ್ಲ, ಅಂದ ಮೇಲೆ ತೂತೂ ಒಂದೂ ಇಲ್ಲ! ಊಟದ ಹೊತ್ತಿಗೆ ಅವನ ಹಿಂದೆ ‘ಪಾಸ್’ ಕೊಡೆಗಳು ಸೊಂಟದವರೆಗೆ ಬೆಳೆದಿದ್ದವು. ಕೈ ನೋಯುತ್ತಿತ್ತು, ಎದೆಯೊಳಗೆ ಮಾತ್ರ ಚಪ್ಪಾಳೆ. ಕಾಯಿಲೆಗಲ್ಲ, ಕಾಯಿಲೆಯ ಬೇರಿಗೇ ಮದ್ದು ಕೊಟ್ಟುಬಿಟ್ಟೆ ಎಂದುಕೊಂಡ. ಮುಂದಿನ ತರಬೇತಿಗೆ ಮೇಷ್ಟ್ರು ತನ್ನನ್ನೇ ಪಾಠಕ್ಕೆ ಕರೆದರೆ ಯಾವ ಅಂಗಿ ಹಾಕಿಕೊಳ್ಳುವುದು ಎಂಬವರೆಗೂ ಯೋಚನೆ ಹೋಗಿತ್ತು. ಮೇಜಿನಲ್ಲಿ ಯಾರೂ ಮಾತಾಡುತ್ತಿಲ್ಲ ಎಂಬುದನ್ನು ಅವನು ಶಿಸ್ತು ಎಂದು ತಿಳಿದ.

ಮಧ್ಯಾಹ್ನ ಮ್ಯಾನೇಜರ್ ಬಂದಳು. ರಾಶಿ ನೋಡಿ ಹುಬ್ಬೇರಿಸಿದಳು.

“ಮೂರನೇ ಮೇಜಾ ಇದು?”

“ಅದೇ ಮೇಡಂ” ಎಂದ ದುರ್ಬೀನು. “ವರ್ತನೆ ಸ್ವಲ್ಪ ತಿದ್ದಿದೆ, ಅಷ್ಟೆ. ಒಂದೇ ಒಂದು ಕೆಟ್ಟ ಛತ್ರಿ ಇಲ್ಲ ಇವತ್ತು.”

“ಒಂದೂ ಇಲ್ಲ?”

“ಬೇಕಾದ್ರೆ ಬಿಚ್ಚಿ ನೋಡಿ.”

ಈ ಮಾತನ್ನು ಯಾಕೆ ಆಡಿದೆನೋ ಎಂದು ಅವನು ಈಗಲೂ ಹಣೆ ಚಚ್ಚಿಕೊಳ್ಳುತ್ತಾನೆ. ಅವಳು ರಾಶಿಯ ನಡುವಿನಿಂದ ಒಂದು ಕೊಡೆ ಎಳೆದು ಬಿಚ್ಚಿದಳು. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದಳು. ಆಮೇಲೆ ಒಳಗಿನಿಂದ ಒಂದು ಬೆರಳು ಹೊರಗೆ ಹಾಕಿ ಅವನ ಮುಂದೆ ಆಡಿಸಿದಳು.

“ಇದೇನು?”

ದುರ್ಬೀನು ಹತ್ತಿರ ಹೋದ. ಅವನಿಗೆ ಬೆರಳು ಕಂಡಿತು, ತೂತು ಕಾಣಲಿಲ್ಲ. ಕಪ್ಪು ಬಟ್ಟೆಯ ಮೇಲೆ ಬೆರಳೊಂದು ಹೇಗೆ ಬಂದು ಕೂತಿದೆ ಎಂದು ಅರ್ಥವಾಗದೆ ಕಣ್ಣು ಕಿರಿದು ಮಾಡಿ ನಿಂತ. ಅವಳು ಇನ್ನೊಂದು ಬಿಚ್ಚಿದಳು. ಹೊಲಿಗೆ ಅಂಗೈ ಅಗಲ ಬಾಯಿ ಬಿಟ್ಟಿತ್ತು. ಇನ್ನೊಂದರಲ್ಲಿ ಬಟ್ಟೆ ಕಡ್ಡಿಯಿಂದ ಕಳಚಿ ನೇತಾಡುತ್ತಿತ್ತು. ಎಲ್ಲದರ ಹಿಡಿಗೂ ಅವನದೇ ದುಂಡು ಚೀಟಿ.

“ಇಷ್ಟೂ ಅಂಗಡಿಗೆ ಹೋಗಿದ್ರೆ?” ಎಂದಳು ಮ್ಯಾನೇಜರ್. ದನಿ ಏರಿಸಲಿಲ್ಲ, ಅದೇ ಭಯ. “ಹೆಸರು ಕೇಳಿದ್ದೆ ನಿಮ್ಮನ್ನ. ಹೇಳಿ, ಯಾರು?”

ದುರ್ಬೀನು ಇನ್ನೂ ಕೊಡೆಯ ಬಟ್ಟೆಯನ್ನು ಬೆರಳಿನಿಂದ ತಡಕುತ್ತಿದ್ದ. ಅಷ್ಟರಲ್ಲಿ ಭಾವಮೈದುನ ಎದ್ದು ನಿಂತ.

“ನಾನು ಮೇಡಂ. ದಿನಾ ನಿಧಾನ ಮಾಡೋನು ನಾನೇ. ಇವತ್ತು ಅವಸರ ಮಾಡೋಕೆ ಹೋಗಿ ಹಿಡಿ ಕೂರಿಸೋವಾಗ ಹರಿದುಹಾಕಿದೆ. ಭಾವಂದು ತಪ್ಪಿಲ್ಲ. ನನ್ನ ಗೋದಾಮಿಗೆ ಹಾಕಿ.”

ಹೇಳಿ ಮುಗಿಸುವಷ್ಟರಲ್ಲಿ ಅವನ ಎದೆ ಶಿಳ್ಳೆ ಹೊಡೆಯತೊಡಗಿತ್ತು. ದುರ್ಬೀನಿಗೆ ಆ ಸದ್ದು ಚೆನ್ನಾಗಿ ಕೇಳಿಸಿತು. ಹಿಡಿ ಕೂರಿಸುವಾಗ ಹೊಲಿಗೆ ಬಿಡುವುದಿಲ್ಲ ಎಂಬುದು ಕೊಡೆ ಕಾರ್ಖಾನೆಯ ಬೆಕ್ಕಿಗೂ ಗೊತ್ತು. ಇವನು ಸುಳ್ಳು ಹೇಳುತ್ತಿದ್ದಾನೆ. ಯಾಕೆ? ಪ್ರತಿ ವರ್ತನೆಯ ಹಿಂದೆಯೂ ಒಂದು ಕಾರಣ ಇರುತ್ತದೆ. ಮೊದಲ ಸಲ ದುರ್ಬೀನು ಆ ಕಾರಣವನ್ನು ಹುಡುಕಿದ, ಮತ್ತು ಅದು ಸ್ಟೂಲಿನ ಪಕ್ಕದಲ್ಲಿ, ತನ್ನದೇ ಚಪ್ಪಲಿ ಮೆಟ್ಟಿಕೊಂಡು ನಿಂತಿರುವುದನ್ನು ಕಂಡ.

“ಲೋ, ದಿನಾ ಉಲ್ಟಾ ಇಡ್ತಿದ್ದದ್ದು ನೀನು, ಅಲ್ವಾ?” ಎಂದ.

“ಹೂಂ ಭಾವ.”

“ಬಿಚ್ಚಿ, ತೂತು ನೋಡಿ, ಆಮೇಲೆ ಉಲ್ಟಾ ಇಡ್ತಿದ್ದೆ?”

ಉತ್ತರ ಕೊಟ್ಟವಳು ದೊಡ್ಡಕ್ಕ.

“ಸುಮ್ಮನೆ ಹೇಳಿದ್ರೆ ನಿಮಗೆ ನೋವಾಗುತ್ತೆ ಅಂತ ಅಣ್ಣ. ಉಲ್ಟಾ ಇಟ್ರೆ ನೀವೇ ಹುಡುಕ್ತಿದ್ರಿ. ಹಂಗೇ ನಡೀತು. ರಾಶಿ ಬೆಳೆದ್ರೆ ನೀವು ಗಾಬರಿ ಆಗ್ತಿದ್ರಿ, ಬೆವರ್ತಿದ್ರಿ. ಅದಕ್ಕೇ ನನ್ನ ದಾರ ಹರೀತಿತ್ತು.”

“ನನಗೆ ಅಷ್ಟೊಂದು ಬಾಯಾರಿಕೆ ಎಲ್ಲಿಂದ ಬರಬೇಕು ಸಾರ್?” ಎಂದಳು ಪಟಾಕಿ. “ಕುಡಿದೂ ಕುಡಿದೂ ಹೊಟ್ಟೆ ಕೆರೆ ಆಗಿತ್ತು.”

ದುರ್ಬೀನು ಸ್ಟೂಲಿನ ಮೇಲೆ ಕೂತ. ಅವನಿಗೆ ತರಬೇತಿಯ ಕೋಣೆ ನೆನಪಾಯಿತು. ಎದ್ದು ನಿಂತ ತನ್ನ ಠೀವಿ, ಮೇಷ್ಟ್ರ ಚಪ್ಪಾಳೆ. ಇವರು ತನಗಾಗಿ ಇಟ್ಟ ಗುರುತನ್ನು ಅಲ್ಲಿ ಇವರದೇ ಸೋಮಾರಿತನ ಎಂದು ಊರಿಗೆಲ್ಲ ಸಾರಿ ಬಂದಿದ್ದ. ನಾಚಿಕೆಯಿಂದ ಕಿವಿ ಕಾದವು. ಅದೇ ಹೊತ್ತಿಗೆ ಎಲ್ಲಿಂದಲೋ ನಗುವೂ ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ತುಂಬಿತು.

“ಹೆಸರು ಕೇಳಿದ್ರಲ್ಲ ಮೇಡಂ,” ಎಂದ. “ಬರ್ಕೊಳ್ಳಿ. ಮೂರನೇ ಮೇಜನ್ನ ಎಳೀತಿರೋದು ದುರ್ಬೀನು. ಇವರೆಲ್ಲ ಸೇರಿ ಇಷ್ಟು ದಿನ ನನ್ನನ್ನ ಹೊತ್ಕೊಂಡು ನಡೀತಿದ್ರು. ನಾನು ಮೇಲೆ ಕೂತು, ಯಾಕ್ರೋ ನಿಧಾನ ಅಂತ ಬೈತಿದ್ದೆ.”

ಮ್ಯಾನೇಜರ್ ಕೈಯಲ್ಲಿದ್ದ ಕೊಡೆಯನ್ನು ಮಡಚಿ ಮೇಜಿನ ಮೇಲಿಟ್ಟಳು.

“ಕಣ್ಣು ಕಾಣಲ್ವಾ ನಿಮಗೆ?”

“ಕಾಣುತ್ತೆ ಮೇಡಂ. ಕಂಡದ್ದು ಏನು ಅಂತ ಗೊತ್ತಾಗಲ್ಲ, ಅಷ್ಟೆ.”

“ನಾಳೆಯಿಂದ ಈ ಸ್ಟೂಲಿನ ಮೇಲೆ ನೀವು ಕೂರೋ ಹಾಗಿಲ್ಲ.”

“ಗೊತ್ತು. ಗೋದಾಮಿಗೆ ನಾನು ಹೋಗ್ತೀನಿ. ಇವನನ್ನ ಮಾತ್ರ ಬೇಡ ಮೇಡಂ, ಇವನ ಎದೆ ಸರಿಯಿಲ್ಲ.”

“ಹಿಡಿ ಕೂರಿಸೋಕೆ ಕಣ್ಣು ಬೇಡ ಮೇಡಂ, ಕೈ ಸಾಕು” ಎಂದ ಭಾವಮೈದುನ, ಉಸಿರು ಹಿಡಿಯುತ್ತ. “ಭಾವ ನನ್ನ ಜಾಗದಲ್ಲಿ ಕೂರಲಿ. ಛತ್ರಿ ಹೆಂಗೂ ನಾನೇ ನೋಡ್ತಿದ್ದೆ.”

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ದೊಡ್ಡಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು, ಉತ್ತರ ಸರಿಯಾಗಿ ಬರುವವರೆಗೆ ಜಾಗ ಬಿಡುವುದಿಲ್ಲ ಎನ್ನುವ ಹಾಗೆ.

“ಮೊದಲು ಈ ರಾಶಿ ಪೂರ್ತಿ ಮತ್ತೆ ಚೆಕ್ ಮಾಡಿ” ಎಂದಳು ಮ್ಯಾನೇಜರ್. “ದಾರ ಹರಿಯದೆ, ನೀರು ಕುಡಿಯದೆ, ಇವತ್ತಿನ ಹಾಗೇ ನಾಳೆಯೂ ಓಡಿದ್ರೆ ಗೋದಾಮಿಗೆ ಯಾರೂ ಬೇಡ. ಮತ್ತೆ ನೀವು, ಕಣ್ಣು ತೋರಿಸಿಕೊಂಡು ಬನ್ನಿ.” ಹೋಗುತ್ತ ಬಾಗಿಲಲ್ಲಿ ತಿರುಗಿ, “ಆ ಉಲ್ಟಾ ನಿಯಮ, ಮೇಷ್ಟ್ರು ನನ್ನ ಹತ್ತಿರವೂ ಹೊಗಳಿದ್ರು” ಎಂದಳು. ಅವಳ ತುಟಿಯ ಮೂಲೆ ಅಲುಗಿತೆಂದು ಪಟಾಕಿ ಆಮೇಲೆ ಆಣೆ ಮಾಡಿ ಹೇಳಿದಳು. ದುರ್ಬೀನಿಗೆ ಅದೂ ಕಂಡಿರಲಿಲ್ಲ.

ಆ ಸಂಜೆ ಮನೆಯ ಮೆಟ್ಟಿಲ ಹತ್ತಿರ ಬಂದು ಅವನು ನಿಂತುಬಿಟ್ಟ. ಕೆಳಗೆಲ್ಲ ಕಲಸಿಹೋದ ಬೂದು, ಅದರಲ್ಲಿ ಬಿಳಿಯ ಗೆರೆಗಳು ಮಾತ್ರ ಒಂದರ ಮೇಲೊಂದು ಸ್ಪಷ್ಟವಾಗಿದ್ದವು. ಆ ಗೆರೆಗಳನ್ನೇ ನೋಡಿ ತಾನು ದಿನವೂ ಹತ್ತುತ್ತಿದ್ದೆ ಎಂಬುದು ಈಗ ಗೊತ್ತಾಯಿತು. ಹೆಂಡತಿ ಬಾಗಿಲು ತೆಗೆದಳು. ತಮ್ಮನಿಂದ ಸುದ್ದಿ ಆಗಲೇ ಬಂದಿತ್ತೆಂದು ಅವಳು ನಿಂತ ರೀತಿಯಲ್ಲೇ ತಿಳಿಯುತ್ತಿತ್ತು.

“ಬಣ್ಣ ಮಿಕ್ಕಿತ್ತು ಅಂದಿದ್ದೆ ನೀನು.”

“ಹೂಂ.”

“ಈ ಮನೆಗೆ ಯಾವಾಗೇ ಬಣ್ಣ ಹೊಡೆಸಿದ್ವಿ ನಾವು, ಮಿಕ್ಕೋಕೆ?”

ಅವನು ಮೆಟ್ಟಿಲ ಮೇಲೇ ಕೂತು, ಬಿಳಿ ಅಂಚನ್ನು ಅಂಗೈಯಲ್ಲಿ ಸವರಿದ. “ಜಿಪುಣತನ ಅಂದೆ ನಾನು” ಎಂದ. ಅವಳು ಬಂದು ಪಕ್ಕದಲ್ಲಿ ಕೂತಳು. “ಹೋಗ್ಲಿ ಬಿಡಿ, ಜಿಪುಣಿಯೇ ನಾನು. ಇನ್ನೊಬ್ಬ ಗಂಡನನ್ನ ಹುಡುಕೋ ಖರ್ಚು ಯಾಕೆ ಅಂತ ಬಳಿದೆ” ಎಂದಳು. ಇಬ್ಬರೂ ನಕ್ಕರು. ಆಮೇಲೆ ಅವನು ಅತ್ತ, ಮಗುವಿನ ಹಾಗೆ ಸದ್ದು ಮಾಡಿ ಅತ್ತ. ಅವಳು ಸೆರಗಿನಿಂದ ಮುಖ ಒರೆಸಿ, “ನಾಳೆ ಸಂಜೆ ಡಾಕ್ಟರ ಹತ್ತಿರ ಹೋಗೋಣ, ಬರ್ತೀರಾ?” ಎಂದಳು. ಬರುತ್ತೇನೆ ಎಂದ.

ಎರಡೂ ಕಣ್ಣಿಗೆ ಪೊರೆ ಬಂದಿದೆ, ತೆಗೆದರೆ ಕಾಣುತ್ತದೆ ಎಂದರು ಡಾಕ್ಟರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದೂ ಕೇಳಿದರು. ‘ಜನರ ವರ್ತನೆ ಗಮನಿಸ್ತಿದ್ದೆ ಸಾರ್’ ಎಂದು ಹೇಳೋಣವೆನ್ನಿಸಿತು, ಆದರೆ ‘ಹೆದರಿಕೆ ಸಾರ್’ ಎಂದ. ಮೊದಲ ಕಣ್ಣಿಗೆ ದಿನ ಗೊತ್ತುಮಾಡಿಕೊಟ್ಟರು.

ಅಲ್ಲಿಯವರೆಗೆ ಸುಮ್ಮನೆ ಮನೆಯಲ್ಲಿ ಕೂರುವ ಮನುಷ್ಯ ಅವನಲ್ಲ. ಭಾವಮೈದುನನ ಜಾಗದಲ್ಲಿ ಕೂತು ಹಿಡಿ ಕೂರಿಸಲು ಶುರು ಮಾಡಿದ. ಮೊದಮೊದಲು ಹಿಡಿಯೊಂದು ಕಡೆ, ಕೋಲೊಂದು ಕಡೆ ಹೋಗುತ್ತಿತ್ತು. “ಸಾರ್, ಅದು ನನ್ನ ಬೆರಳು, ಕೋಲು ಈ ಕಡೆ” ಎಂದು ಪಟಾಕಿ ಕಿರುಚುತ್ತಿದ್ದಳು. ದೊಡ್ಡಕ್ಕನ ದಾರ ಹರಿಯುವುದು ನಿಂತಿತು, ಗೋದಾಮಿನ ಮಾತೂ ನಿಂತಿತು. ಸ್ಟೂಲಿನ ಮೇಲೆ ಭಾವಮೈದುನ ಹೊಸ ಮದುಮಗನ ಹಾಗೆ ಬಿಗಿದುಕೊಂಡು ಕೂತಿರುತ್ತಿದ್ದ. ಎತ್ತರದಲ್ಲಿ ಒಬ್ಬನೇ ಕೂರುವುದು ಅವನಿಗೆ ಒಗ್ಗಿರಲಿಲ್ಲ. ಭಾವನ ಕಡೆ ಕಳ್ಳನೋಟ ಬೀರಿ, ತಪ್ಪು ಮಾಡಿದವನಂತೆ ಚೀಟಿ ಅಂಟಿಸುತ್ತಿದ್ದ.

ಒಂದು ಮಧ್ಯಾಹ್ನ ದುರ್ಬೀನಿನ ಕೈಗೆ ಬಂದ ಕೊಡೆಯ ಅಂಚಿನಲ್ಲಿ ಏನೋ ಸಡಿಲವಾಗಿರುವುದು ಬೆರಳಿಗೆ ತಾಗಿತು. ಮತ್ತೆ ಮುಟ್ಟಿ ನೋಡಿದ. ಹೌದು, ಒಂದು ಕಡ್ಡಿಯ ತುದಿಯ ಗಂಟು ಬಿಚ್ಚಿಕೊಂಡಿತ್ತು. ಪಟಾಕಿಗೆ ಹೇಳೋಣವೆಂದು ಬಾಯಿ ತೆರೆದವನು ಮುಚ್ಚಿಕೊಂಡ. ಹಿಡಿ ಕೂರಿಸಿದ. ಕೊಡೆಯನ್ನು ಮಡಚಿ, ಮೊನೆಯನ್ನು ಮುಂದೆ ಮಾಡಿ, ಉಲ್ಟಾ ಇಟ್ಟ.

ಹೊಲಿಗೆ ಯಂತ್ರ ನಿಂತಿತು. ಭಾವಮೈದುನ ಕೊಡೆಯನ್ನು ನೋಡಿದ, ಭಾವನನ್ನು ನೋಡಿದ. ಎತ್ತಿಕೊಂಡು ಬಿಚ್ಚಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ತಿರುಗಿಸಿ ತಿರುಗಿಸಿ ಹುಡುಕುವವನಂತೆ ಮಾಡಿದ.

“ಸಿಕ್ತು ಭಾವ!” ಎಂದ ಕೊನೆಗೆ.

“ಏನು ಕಣ್ಣೋ ಮಾರಾಯ ನಿಂದು!” ಎಂದು ದುರ್ಬೀನು ಇಡೀ ಮೇಜಿಗೆ ಕೇಳುವ ಹಾಗೆ ಹೇಳಿ, ಮುಂದಿನ ಹಿಡಿಗಾಗಿ ಕೈ ಚಾಚಿದ.